ಕ್ಯಾರವಾನ್ ಟ್ರೇಲರಿನೊಂದಿಗೆ ಕರಾವಳಿ ಹೆದ್ದಾರಿಯ ಪ್ರವಾಸ: ಅರ್ಜಿದಾರರಿಗೂ ಪ್ರವಾಸಿಗರಿಗೂ ಮಾಹಿತಿ

ರಾಷ್ಟ್ರೀಯ ಹೆದ್ದಾರಿ 66 ಕೇರಳದ ಗಡಿಯಲ್ಲಿರುವ ತಲಪಾಡಿಯಲ್ಲಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾಗಳನ್ನು ಹಾದು ಕಾರವಾರದಾಚೆ ಮಾಜಾಳಿಯ ಬಳಿ ಗೋವಾ ರಾಜ್ಯವನ್ನು ಸೇರುತ್ತದೆ. 2010ರ ಮರುಸಂಖ್ಯೆಗೆ ಮೊದಲು ಇದು ರಾಷ್ಟ್ರೀಯ ಹೆದ್ದಾರಿ 17 ಆಗಿತ್ತು. ಕರಾವಳಿಯ ಹಿರಿಯರು ಇಂದಿಗೂ ಅದನ್ನು ಆ ಹೆಸರಿನಿಂದಲೇ ಕರೆಯುವುದುಂಟು. ರಾಜ್ಯದೊಳಗೆ ಸುಮಾರು 280 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ಪಶ್ಚಿಮಕ್ಕೆ ಅರಬ್ಬೀ ಸಮುದ್ರವೂ ಪೂರ್ವಕ್ಕೆ ಸಹ್ಯಾದ್ರಿಯೂ ಇವೆ. ಅವೆರಡರ ನಡುವೆ ಹತ್ತಾರು ನದಿಗಳು ಅಡ್ಡ ಬರುತ್ತವೆ.

ಸ್ವಂತ ವಾಹನದ ಹಿಂದೆ ವಾಸಯೋಗ್ಯವಾದ ಟ್ರೇಲರನ್ನು ಜೋಡಿಸಿಕೊಂಡು, ಕುಟುಂಬದೊಡನೆ ಈ ಮಾರ್ಗದಲ್ಲಿ ಪ್ರವಾಸ ಕೈಗೊಳ್ಳಲು ಬಯಸುವ ನಾಗರಿಕರಿಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇಲ್ಲಿ ಕ್ಯಾರವಾನ್ ಟ್ರೇಲರ್ ಎಂದರೆ ತನ್ನದೇ ಎಂಜಿನ್ ಇಲ್ಲದ, ಕಾರು ಅಥವಾ ಜೀಪಿನ ಹಿಂದೆ ಕೊಂಡಿಯ ಮೂಲಕ ಎಳೆಯಲ್ಪಡುವ, ಮಲಗಲು ಮತ್ತು ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಗಾಡಿ. ವ್ಯಾನ್ ಅಥವಾ ಬಸ್ಸಿನ ಒಡಲೊಳಗೇ ವಾಸದ ಏರ್ಪಾಡು ಮಾಡಿರುವ ಮೋಟಾರು ಕ್ಯಾರವಾನ್ ಒಂದೇ ವಾಹನವಾದ್ದರಿಂದ ಅದರ ನಿಯಮಗಳು ಬೇರೆ. ಅದನ್ನು ಇಲ್ಲಿ ಚರ್ಚಿಸಿಲ್ಲ.

ಕ್ಯಾರವಾನ್ ಪ್ರವಾಸಕ್ಕೆ ಸರ್ಕಾರದ ವಿರೋಧವಿದೆ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ವಸ್ತುಸ್ಥಿತಿ ಹಾಗಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2010ರಲ್ಲಿಯೇ ಕ್ಯಾರವಾನ್ ಮತ್ತು ಕ್ಯಾರವಾನ್ ತಂಗುದಾಣಗಳ ಅಭಿವೃದ್ಧಿಗೆ ಪ್ರತ್ಯೇಕ ನೀತಿಯನ್ನು ಹೊರಡಿಸಿತು. ನೆರೆಯ ಕೇರಳ ರಾಜ್ಯವು 2021ರಲ್ಲಿ ತನ್ನದೇ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಜಾರಿಗೆ ತಂದಿತು. ಪ್ರವಾಸಿಗರಿಗೆ ತೊಂದರೆ ಎದುರಾಗುವುದು ಬಹುಮಟ್ಟಿಗೆ ಎರಡು ಕಡೆ: ಟ್ರೇಲರಿನ ದಾಖಲೆಗಳಲ್ಲಿ, ಮತ್ತು ರಾತ್ರಿ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ. ಆದುದರಿಂದ ಈ ಎರಡು ವಿಷಯಗಳನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸಲಾಗಿದೆ.

ಕಾನೂನಿನ ದೃಷ್ಟಿಯಲ್ಲಿ ಟ್ರೇಲರ್

ಟ್ರೇಲರ್ ಎಂಬುದು ಕಾರಿಗೆ ಜೋಡಿಸುವ ಒಂದು ಬಿಡಿಭಾಗವಲ್ಲ, ಅದು ಎರಡನೆಯ ವಾಹನ. ಮೋಟಾರು ವಾಹನಗಳ ಅಧಿನಿಯಮ, 1988ರ 61ನೆಯ ಪ್ರಕರಣದ ಪ್ರಕಾರ ಇತರ ಮೋಟಾರು ವಾಹನಗಳ ನೋಂದಣಿಗೆ ಅನ್ವಯಿಸುವ ಉಪಬಂಧಗಳು ಟ್ರೇಲರುಗಳ ನೋಂದಣಿಗೂ ಅನ್ವಯಿಸುತ್ತವೆ. ಟ್ರೇಲರಿಗೆ ತನ್ನದೇ ಆದ ನೋಂದಣಿ ಸಂಖ್ಯೆ ಇರತಕ್ಕದ್ದು. ಅಷ್ಟೇ ಅಲ್ಲದೆ, ಎಳೆಯುವ ವಾಹನದ ನೋಂದಣಿ ಸಂಖ್ಯೆಯನ್ನು ಟ್ರೇಲರಿನ ಮೇಲೆಯೂ ಪ್ರದರ್ಶಿಸದೆ ವಾಹನ ಚಲಾಯಿಸುವಂತಿಲ್ಲ. ಹಿಂದಿನಿಂದ ನೋಡುವವರಿಗೆ ಕಾರಿನ ಸಂಖ್ಯಾಫಲಕ ಕಾಣುವುದಿಲ್ಲವೆಂಬುದೇ ಇದಕ್ಕೆ ಕಾರಣ. ತಪಾಸಣೆಯ ವೇಳೆ ಮೊದಲು ಕಣ್ಣಿಗೆ ಬೀಳುವುದೂ ಇದೇ.

ಪರಿಚಿತ ಗ್ಯಾರೇಜಿನಲ್ಲಿ ಕಬ್ಬಿಣದ ಚೌಕಟ್ಟನ್ನು ಬೆಸುಗೆ ಹಾಕಿಸಿ, ಮೇಲೆ ಪ್ಲೈವುಡ್ ಹೊದಿಸಿ ಟ್ರೇಲರ್ ತಯಾರಿಸಿಕೊಂಡು ಆನಂತರ ನೋಂದಣಿಗೆಂದು ಕಚೇರಿಗೆ ತಂದರೆ ಅರ್ಜಿ ಪುರಸ್ಕೃತವಾಗುವುದು ಕಷ್ಟ. ಗಾಡಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಇದರಲ್ಲಿ ವ್ಯತ್ಯಾಸವಾಗದು. ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ 126ನೆಯ ನಿಯಮವು ವಾಹನದ ಮಾದರಿಯನ್ನು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಮೊದಲಾದ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷೆಗೊಳಪಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಆದ್ದರಿಂದ ಮುಂಗಡ ಹಣ ಪಾವತಿಸುವ ಮೊದಲೇ ತಯಾರಕರಿಂದ ಮಾದರಿ ಅನುಮೋದನೆಯ ಪ್ರತಿಯನ್ನು ಕೇಳಿ ಪಡೆಯುವುದು ಸೂಕ್ತ. ಅನುಮೋದನೆ "ಇನ್ನೇನು ಬರಲಿದೆ" ಎಂಬ ಮೌಖಿಕ ಭರವಸೆಯ ಮೇಲೆ ಖರೀದಿಸಬಾರದು.

ವಿದೇಶದಿಂದ ತರಿಸುವ ಟ್ರೇಲರುಗಳ ಬಗ್ಗೆ ಒಂದು ಮಾತು. ಅಮೆರಿಕಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಂಚರಿಸುವುದರಿಂದ ಅಲ್ಲಿಯ ಟ್ರೇಲರುಗಳ ಬಾಗಿಲು ಸಾಮಾನ್ಯವಾಗಿ ಬಲಭಾಗದಲ್ಲಿರುತ್ತದೆ. ನಮ್ಮಲ್ಲಿ ಅಂಥ ಗಾಡಿಯನ್ನು ರಸ್ತೆಯ ಎಡಬದಿಗೆ ನಿಲ್ಲಿಸಿದರೆ ಬಾಗಿಲು ತೆರೆಯುವುದು ಓಡಾಡುವ ವಾಹನಗಳ ಕಡೆಗೆ. ಮಕ್ಕಳಿರುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ಅಲ್ಲಿನ ವಿದ್ಯುತ್ ಉಪಕರಣಗಳು 120 ವೋಲ್ಟಿಗೆ ಹೊಂದಿಕೊಂಡಿರುತ್ತವೆ. ನಮ್ಮ ಮನೆಗಳ ಸರಬರಾಜು 230 ವೋಲ್ಟ್. ಅಗಲದ ಮಿತಿಯನ್ನೂ ಗಮನಿಸಬೇಕು. ವಾಹನದ ಒಟ್ಟು ಅಗಲವು 2.6 ಮೀಟರನ್ನು ಮೀರತಕ್ಕದ್ದಲ್ಲ.

ನೋಂದಣಿಗೆ ಅರ್ಜಿ

ನೋಂದಣಿ ಅರ್ಜಿಯನ್ನು ನಮೂನೆ 20ರಲ್ಲಿ ಸಲ್ಲಿಸತಕ್ಕದ್ದು. ಅದರೊಂದಿಗೆ ಮಾರಾಟಗಾರರು ನೀಡುವ ನಮೂನೆ 21ರ ಮಾರಾಟ ಪ್ರಮಾಣಪತ್ರ, ತಯಾರಕರು ನೀಡುವ ನಮೂನೆ 22ರ ರಸ್ತೆಯೋಗ್ಯತಾ ಪ್ರಮಾಣಪತ್ರ, ಸಿಂಧುವಾದ ವಿಮಾ ಪ್ರಮಾಣಪತ್ರ ಮತ್ತು ವಿಳಾಸದ ದಾಖಲೆಯನ್ನು ಲಗತ್ತಿಸಬೇಕು. ಚಾಸಿಯನ್ನು ಒಬ್ಬರು, ಮೇಲಿನ ಒಡಲನ್ನು ಇನ್ನೊಬ್ಬರು ತಯಾರಿಸಿದ್ದಲ್ಲಿ ನಮೂನೆ 22-ಎ ಬೇಕಾಗುತ್ತದೆ. ಆಮದು ಮಾಡಿಕೊಂಡ ಗಾಡಿಯಾದರೆ ಸೀಮಾಸುಂಕ ಪಾವತಿಯ ದಾಖಲೆಯೂ ಅವಶ್ಯ. ತೆರಿಗೆಯನ್ನು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರ ಅನುಸಾರ ನಿರ್ಧರಿಸಲಾಗುತ್ತದೆ. ತೆರಿಗೆಯ ಮೊತ್ತವನ್ನು ಮಧ್ಯವರ್ತಿಗಳ ಮಾತಿನ ಮೇಲೆ ನಂಬದೆ, ಕಚೇರಿಯಿಂದಲೇ ಲೆಕ್ಕ ಹಾಕಿಸಿಕೊಂಡು ಪಾವತಿಸಿ ರಸೀದಿ ಪಡೆಯಬೇಕು.

2019ರ ತಿದ್ದುಪಡಿಯ ನಂತರ ಅರ್ಜಿದಾರರು ತಾವು ವಾಸವಿರುವ ರಾಜ್ಯದ ಯಾವುದೇ ನೋಂದಣಿ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಕರಾವಳಿಯ ನಿವಾಸಿಗಳಿಗೆ ಮಂಗಳೂರು, ಉಡುಪಿ, ಹೊನ್ನಾವರ ಮತ್ತು ಕಾರವಾರದ ಕಚೇರಿಗಳು ಹತ್ತಿರವಾಗುತ್ತವೆ. ಟ್ರೇಲರನ್ನು ಖುದ್ದು ಪರಿಶೀಲನೆಗೆ ಹಾಜರುಪಡಿಸಬೇಕಾಗಿ ಬಂದಾಗ, ಅಷ್ಟು ಉದ್ದದ ಗಾಡಿಯನ್ನು ಒಳತಂದು ತಿರುಗಿಸಲು ಕಚೇರಿಯ ಆವರಣದಲ್ಲಿ ಸ್ಥಳವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ಅಲೆದಾಟ ತಪ್ಪುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು. ಆ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ತಿಳಿಯುವುದು ಕಷ್ಟವಾಗುತ್ತದೆ.

ಸಾರಿಗೇತರ ವಾಹನವಾಗಿ ನೋಂದಣಿಯಾದ ಗಾಡಿಯ ಪ್ರಮಾಣಪತ್ರವು 15 ವರ್ಷಗಳ ಕಾಲ ಸಿಂಧುವಾಗಿರುತ್ತದೆ. ಆದರೆ ಸ್ವಂತ ಬಳಕೆಗೆಂದು ನೋಂದಾಯಿಸಿದ ಟ್ರೇಲರನ್ನು ರಜಾದಿನಗಳಲ್ಲಿ ಬಾಡಿಗೆಗೆ ಕೊಡುವಂತಿಲ್ಲ. ಬಾಡಿಗೆಯ ಉದ್ದೇಶವಿದ್ದಲ್ಲಿ ಅದಕ್ಕೆ ತಕ್ಕ ನೋಂದಣಿ ಮತ್ತು ರಹದಾರಿಯನ್ನು ಪಡೆಯತಕ್ಕದ್ದು.

ಎಳೆಯುವ ವಾಹನಕ್ಕೆ ಕೊಂಡಿಯನ್ನು ಅಳವಡಿಸುವ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅಧಿನಿಯಮದ 52ನೆಯ ಪ್ರಕರಣದ ಮೇರೆಗೆ, ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆ ವಾಹನ ಟ್ರೇಲರನ್ನು ಎಳೆಯಲು ಯೋಗ್ಯವೇ, ಎಷ್ಟು ತೂಕದವರೆಗೆ ಯೋಗ್ಯ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ, ಸಂಶಯವಿದ್ದಲ್ಲಿ ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ಬರೆದು ಉತ್ತರ ಪಡೆಯುವುದು ಒಳ್ಳೆಯದು. ಅಪಘಾತವಾದ ಮೇಲೆ ಈ ಪ್ರಶ್ನೆಯನ್ನು ವಿಮಾ ಕಂಪನಿಯವರು ಕೇಳುವುದಕ್ಕಿಂತ ಮೊದಲೇ ತಾವು ಕೇಳಿಕೊಳ್ಳುವುದು ಮೇಲು.

ಅನುಜ್ಞಾಪತ್ರ ಮತ್ತು ವಿಮೆ

ಟ್ರೇಲರ್ ಜೋಡಿಸಿದ ಕೂಡಲೇ ಚಾಲಕನ ಅನುಜ್ಞಾಪತ್ರ ನಿರರ್ಥಕವಾಗುತ್ತದೆಯೇ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದಿದೆ. ಕರ್ನಾಟಕದ ಒಂದು ವಿಮಾ ಪರಿಹಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ, ಟ್ರ್ಯಾಕ್ಟರ್ ಚಾಲನೆಗೆ ಸಿಂಧುವಾದ ಅನುಜ್ಞಾಪತ್ರವುಳ್ಳವನು ಅದಕ್ಕೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲವೆಂದು ತೀರ್ಪು ನೀಡಿತು. ಹೀಗಿದ್ದರೂ ಎಳೆಯುವ ವಾಹನದ ವರ್ಗಕ್ಕೆ ತಕ್ಕ ಅನುಜ್ಞಾಪತ್ರ ಇರಲೇಬೇಕು. ಲಘು ಮೋಟಾರು ವಾಹನದ ತೂಕದ ಮಿತಿ 7,500 ಕಿಲೋಗ್ರಾಂ.

ವಿಮೆಯ ವಿಷಯದಲ್ಲಿ ಕಾರಿನ ಪಾಲಿಸಿಯೇ ಸಾಕೆಂದು ಭಾವಿಸಬಾರದು. ಟ್ರೇಲರಿನ ನೋಂದಣಿ ಸಂಖ್ಯೆ ಪಾಲಿಸಿಯಲ್ಲಿ ನಮೂದಾಗಿರಬೇಕು, ಅಥವಾ ಟ್ರೇಲರಿಗೆ ಪ್ರತ್ಯೇಕ ಪಾಲಿಸಿ ಇರಬೇಕು. ಅದು ಎಳೆಯಲ್ಪಡುತ್ತಿರುವಾಗಲೂ, ಕೊಂಡಿ ಕಳಚಿ ಒಂಟಿಯಾಗಿ ನಿಂತಿರುವಾಗಲೂ ರಕ್ಷಣೆ ಇದೆಯೇ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಬೇಕು.

ತೂಕ, ಕೊಂಡಿ ಮತ್ತು ಗಾಳಿ

ಟ್ರೇಲರ್ ಹಾವಿನಂತೆ ಅತ್ತಿತ್ತ ಓಲಾಡತೊಡಗಿ ಕಾರನ್ನೇ ಎಳೆದೊಯ್ಯುವ ಅಪಘಾತಗಳಲ್ಲಿ ಬಹುಪಾಲು ಸಾಮಾನು ತುಂಬುವ ಕ್ರಮದಿಂದಲೇ ಆರಂಭವಾಗುತ್ತವೆ. ಭಾರವಾದ ವಸ್ತುಗಳು ಚಕ್ರದ ಅಚ್ಚಿನ ಹಿಂಭಾಗದಲ್ಲಿದ್ದರೆ ಟ್ರೇಲರಿನ ಮೂತಿ ಮೇಲಕ್ಕೇಳಲು ಹವಣಿಸುತ್ತದೆ. ಆಗ ಎದುರಿನಿಂದ ಬಂದ ಲಾರಿಯೊಂದು ತಳ್ಳುವ ಗಾಳಿಯೇ ಓಲಾಟವನ್ನು ಆರಂಭಿಸಲು ಸಾಕು. ನೀರಿನ ತೊಟ್ಟಿ, ಬ್ಯಾಟರಿ, ಅನಿಲದ ಸಿಲಿಂಡರ್ ಇವು ಅಚ್ಚಿನ ಮೇಲೆ ಅಥವಾ ತುಸು ಮುಂದೆ, ಆದಷ್ಟು ಕೆಳಗೆ ಇರಬೇಕು. ಕೊಂಡಿಯ ಮೇಲೆ ಬೀಳುವ ಭಾರದ ಬಗ್ಗೆ ತಯಾರಕರು ಕೊಟ್ಟ ಸೂಚನೆಯನ್ನು ಪಾಲಿಸಬೇಕು. ಬಹುತೇಕ ಗಾಡಿಗಳಲ್ಲಿ ಅದು ಟ್ರೇಲರಿನ ಒಟ್ಟು ತೂಕದ ಶೇಕಡ ಹತ್ತರ ಆಸುಪಾಸಿನಲ್ಲಿರುತ್ತದೆ. ಅಂದಾಜಿನ ಮೇಲೆ ಹೋಗದೆ, ಸಾಮಾನು ತುಂಬಿದ ಗಾಡಿಯನ್ನು ಒಮ್ಮೆ ತೂಕದ ಸೇತುವೆಯಲ್ಲಿ ತೂಗಿಸುವುದು ಉತ್ತಮ. ಮಂಗಳೂರಿನ ಬಂದರು ಪ್ರದೇಶದಲ್ಲಾಗಲಿ ಹೆದ್ದಾರಿಯ ಬದಿಯಲ್ಲಾಗಲಿ ಅವು ದೊರೆಯುತ್ತವೆ.

ಓಲಾಟ ಆರಂಭವಾದರೆ ಥಟ್ಟನೆ ಬ್ರೇಕ್ ಒತ್ತುವುದಾಗಲಿ, ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸುವುದಾಗಲಿ ಕೂಡದು. ವೇಗವರ್ಧಕದಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಹೆದ್ದಾರಿಯಲ್ಲಿ ಕಾರುಗಳಿಗೆ ಅನುಮತಿಸಿದ ಗರಿಷ್ಠ ವೇಗವನ್ನು ಟ್ರೇಲರ್ ಜೋಡಿಸಿದವರು ಗುರಿಯೆಂದು ಭಾವಿಸಬಾರದು. ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಸಾಗುವುದು ಸುರಕ್ಷಿತ. ಕರಾವಳಿಯ ಉದ್ದನೆಯ ಸೇತುವೆಗಳ ಮೇಲೆ ಸಮುದ್ರದ ಕಡೆಯಿಂದ ಅಡ್ಡಗಾಳಿ ಬೀಸುವುದರಿಂದ ಅಲ್ಲಿ ಇನ್ನೂ ನಿಧಾನವಾಗಿ ಹೋಗಬೇಕು. ಚಲಿಸುತ್ತಿರುವ ಟ್ರೇಲರಿನೊಳಗೆ ಯಾರೂ ಕುಳಿತಿರಕೂಡದು, ಮಲಗಿರಲೂ ಕೂಡದು. ಮಗು ನಿದ್ದೆ ಮಾಡುತ್ತಿದೆ ಎಂಬ ಕಾರಣಕ್ಕೂ ಇದಕ್ಕೆ ವಿನಾಯಿತಿ ಇಲ್ಲ. ಅನಿಲದ ಸಿಲಿಂಡರಿನ ಕವಾಟವನ್ನು ಹೊರಡುವ ಮೊದಲು ಮುಚ್ಚಬೇಕು. ಪೆಟ್ರೋಲ್ ಬಂಕಿನೊಳಗೆ ಹೋಗುವಾಗ ಒಳಗೆ ಯಾವ ಜ್ವಾಲೆಯೂ ಉರಿಯುತ್ತಿರಬಾರದು.

ಘಟ್ಟ ಇಳಿಯುವ ಮಾರ್ಗ

ಬೆಂಗಳೂರು ಅಥವಾ ಹುಬ್ಬಳ್ಳಿ ಕಡೆಯಿಂದ ಬರುವವರು ಕರಾವಳಿಯನ್ನು ಸೇರುವ ಮೊದಲು ಘಟ್ಟವನ್ನು ಇಳಿಯಲೇಬೇಕು. ಆಗುಂಬೆ ಘಟ್ಟದ ಕಡಿದಾದ ತಿರುವುಗಳು ಟ್ರೇಲರ್ ಎಳೆಯುವ ವಾಹನಕ್ಕೆ ಯೋಗ್ಯವಲ್ಲ. ತಿರುವಿನ ಮಧ್ಯದಲ್ಲಿ ಎದುರು ವಾಹನ ಬಂದರೆ ಹಿಂದಕ್ಕೆ ಸರಿಯಲು ಅಲ್ಲಿ ಅವಕಾಶವೇ ಇರುವುದಿಲ್ಲ. ಚಾರ್ಮಾಡಿ ಘಟ್ಟದಲ್ಲಿಯೂ ಇದೇ ತೊಂದರೆ. 2019ರ ಭೂಕುಸಿತದ ನಂತರ ಅಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸಲಾಗಿತ್ತು. ಬೆಂಗಳೂರಿನಿಂದ ಬರುವವರಿಗೆ ಶಿರಾಡಿ ಘಟ್ಟದ ರಾಷ್ಟ್ರೀಯ ಹೆದ್ದಾರಿ 75, ಹುಬ್ಬಳ್ಳಿಯಿಂದ ಬರುವವರಿಗೆ ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟ ಅನುಕೂಲ. ಈ ಎರಡೂ ಮಾರ್ಗಗಳಲ್ಲಿ ಲಾರಿಗಳ ದಟ್ಟಣೆ ಇರುವುದು ನಿಜ. ಆದರೆ ಲಾರಿ ಹೋಗುವ ದಾರಿಯಲ್ಲಿ ಟ್ರೇಲರ್ ಸಹ ಹೋಗಬಲ್ಲದು ಎಂಬುದೇ ಅದರ ಪ್ರಯೋಜನ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನು ಒತ್ತಿಯೇ ಇಟ್ಟುಕೊಂಡು ಇಳಿದರೆ ಅದು ಕಾದು ಕೆಲಸಕ್ಕೆ ಬಾರದಂತಾಗುತ್ತದೆ.

ತಲಪಾಡಿಯಿಂದ ಬೈಂದೂರಿನವರೆಗೆ

ದಕ್ಷಿಣದ ಭಾಗವು ಬಹುತೇಕ ಸಮತಟ್ಟು, ಊರುಗಳು ಒತ್ತೊತ್ತಾಗಿವೆ. ಮಂಗಳೂರಿನ ಪಣಂಬೂರು ಮತ್ತು ತಣ್ಣೀರುಬಾವಿ, ಪಡುಬಿದ್ರಿ, 1901ರ ದೀಪಸ್ತಂಭವಿರುವ ಕಾಪು, ಮಲ್ಪೆ ಇವೆಲ್ಲ ಹೆದ್ದಾರಿಯಿಂದ ಕೆಲವೇ ಕಿಲೋಮೀಟರು ಒಳಗಿವೆ. ಆದರೆ ಕಡಲ ಕಡೆಗೆ ಇಳಿಯುವ ರಸ್ತೆಗಳು ಕಿರಿದಾಗಿದ್ದು, ಇಕ್ಕೆಲಗಳಲ್ಲಿ ಮನೆಗಳ ಪಾಗಾರ ಮತ್ತು ತೆಂಗಿನ ಮರಗಳಿರುತ್ತವೆ. ಟ್ರೇಲರನ್ನು ಸುರಕ್ಷಿತವಾದ ತಂಗುದಾಣದಲ್ಲಿ ಕಳಚಿಟ್ಟು ಕಾರಿನಲ್ಲಿ ಮಾತ್ರ ಕಡಲತೀರಕ್ಕೆ ಹೋಗಿಬರುವುದೇ ಜಾಣತನ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಬಹುದು. ಮಳೆಗಾಲದಲ್ಲಿ ಆ ಸೇವೆ ಇರುವುದಿಲ್ಲ.

ಕುಂದಾಪುರ ದಾಟಿದ ಮೇಲೆ ಬರುವ ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಈ ಮಾರ್ಗದಲ್ಲಿ ಇದಕ್ಕಿಂತ ಸುಂದರವಾದ ತಾಣವಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಆ ಕಾರಣದಿಂದಲೇ ಅಲ್ಲಿ ವಾಹನಗಳು ದಿಢೀರನೆ ನಿಲ್ಲುತ್ತವೆ. ಹೆದ್ದಾರಿಯ ಪಥದಲ್ಲಿ ಅಥವಾ ಅದರ ಅಂಚಿನಲ್ಲಿ ಅಪಾಯಕಾರಿಯಾಗಿ ವಾಹನವನ್ನು ಬಿಟ್ಟುಹೋಗುವುದು ಅಧಿನಿಯಮದ 122ನೆಯ ಪ್ರಕರಣಕ್ಕೆ ವಿರುದ್ಧ. ಕಾರೂ ಟ್ರೇಲರೂ ಸೇರಿ ಲಾರಿಯಷ್ಟು ಉದ್ದವಾಗುವುದರಿಂದ ಹಿಂದಿನ ವಾಹನಗಳಿಗೆ ಮುಂದಿನ ರಸ್ತೆಯೇ ಕಾಣದಂತಾಗುತ್ತದೆ. ನಿಲ್ಲಿಸಲು ಗೊತ್ತುಪಡಿಸಿದ ಸ್ಥಳ ಸಿಗುವವರೆಗೆ ಮುಂದೆ ಸಾಗಿ, ಅಲ್ಲಿಂದ ನಡೆದು ಹಿಂದಿರುಗಿ ನೋಡತಕ್ಕದ್ದು.

ತಲಪಾಡಿ, ಹೆಜಮಾಡಿ, ಗುಂಡ್ಮಿ, ಶಿರೂರು ಮೊದಲಾದೆಡೆ ಶುಲ್ಕ ಕೇಂದ್ರಗಳಿವೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಶುಲ್ಕ ಕೇಂದ್ರದಲ್ಲಿ ಅಂಚಿನ ಅಗಲವಾದ ಪಥವನ್ನು ಆರಿಸಿಕೊಳ್ಳುವುದು ಒಳಿತು.

ಭಟ್ಕಳದಿಂದ ಕಾರವಾರದವರೆಗೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆದ್ದಾರಿಯ ಸ್ವರೂಪವೇ ಬದಲಾಗುತ್ತದೆ. ಸಹ್ಯಾದ್ರಿಯ ಕವಲುಗಳು ಇಲ್ಲಿ ಕಡಲಿನವರೆಗೂ ಚಾಚಿಕೊಂಡಿವೆ. ಗುಡ್ಡವನ್ನು ಕಡಿದು ರಸ್ತೆ ಮಾಡಿದ ಕಡೆ ಒಂದು ಪಕ್ಕದಲ್ಲಿ ಮಣ್ಣಿನ ಕಡಿದಾದ ಗೋಡೆ, ಇನ್ನೊಂದು ಪಕ್ಕದಲ್ಲಿ ನದಿ ಅಥವಾ ಸಮುದ್ರ. ಮುರ್ಡೇಶ್ವರ, 2020ರಲ್ಲಿ ಪಡುಬಿದ್ರಿಯೊಡನೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು, ಶರಾವತಿಯ ಅಳಿವೆ, ಅಘನಾಶಿನಿಯ ಬಳಿಯ ಮಿರ್ಜಾನ್ ಕೋಟೆ, ಗೋಕರ್ಣ ಇವು ಈ ಭಾಗದ ಪ್ರಮುಖ ನಿಲುಗಡೆಗಳು. ಗೋಕರ್ಣದ ಪೇಟೆಯೊಳಗೆ ಟ್ರೇಲರನ್ನು ಕೊಂಡೊಯ್ಯಲೇಬಾರದು. ರಥಬೀದಿಯ ಸುತ್ತಲಿನ ಓಣಿಗಳಲ್ಲಿ ಕಾರು ತಿರುಗಿಸುವುದೇ ಪ್ರಯಾಸ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಭಾರಿ ಮಳೆಯಿಂದಾಗಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ರಸ್ತೆಬದಿಯ ಚಹಾ ಅಂಗಡಿಯೂ ಅಲ್ಲಿ ನಿಂತಿದ್ದ ವಾಹನಗಳೂ ಮಣ್ಣಿನೊಡನೆ ಗಂಗಾವಳಿ ನದಿಯ ಪಾಲಾದವು. ಹಲವರು ಪ್ರಾಣ ಕಳೆದುಕೊಂಡರು. ನದಿಯ ತಳದಲ್ಲಿ ಹುದುಗಿದ್ದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ತಿಂಗಳವರೆಗೆ ಕಾಯಬೇಕಾಯಿತು. ದೂರದ ಪ್ರಯಾಣದ ಚಾಲಕರು ವಿಶ್ರಾಂತಿಗೆ, ಚಹಾಕ್ಕೆ ನಿಲ್ಲುತ್ತಿದ್ದ ಸ್ಥಳ ಅದು. ಕ್ಯಾರವಾನ್ ಪ್ರವಾಸಿಗರೂ ಇಂಥದೇ ಸ್ಥಳವನ್ನು ಆಯ್ದುಕೊಳ್ಳುವ ಸಂಭವ ಹೆಚ್ಚು. ರಸ್ತೆ ಅಗಲವಾಗಿದೆ, ಪಕ್ಕದಲ್ಲಿ ನೀರಿದೆ, ಅಂಗಡಿಯಿದೆ ಎಂಬುದನ್ನು ಮಾತ್ರ ನೋಡದೆ ತಲೆಯ ಮೇಲೆ ಏನಿದೆ ಎಂಬುದನ್ನೂ ನೋಡಬೇಕು. ಕಡಿದ ಗುಡ್ಡದ ಬುಡದಲ್ಲಿ ಯಾವ ಋತುವಿನಲ್ಲಿಯೂ ರಾತ್ರಿ ತಂಗಬಾರದು. ಮಳೆಗಾಲದಲ್ಲಿ ಹತ್ತು ನಿಮಿಷವೂ ನಿಲ್ಲಬಾರದು. (ಶುಲ್ಕ ಕೇಂದ್ರವಿರುವ ಶಿರೂರು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನದು. ರಸ್ತೆ ತಡೆಯ ಸುದ್ದಿ ಬಂದಾಗ ಎರಡು ಶಿರೂರುಗಳಲ್ಲಿ ಯಾವುದೆಂದು ವಿಚಾರಿಸಿಕೊಳ್ಳುವುದು.)

ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರ–ಸದಾಶಿವಗಡ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು, ಚಾಲಕನನ್ನು ರಕ್ಷಿಸಲಾಯಿತು. ಆ ನಂತರ ಎರಡೂ ದಿಕ್ಕಿನ ವಾಹನಗಳನ್ನು ಹೊಸ ಸೇತುವೆಯ ಮೇಲೆಯೇ ಬಿಡಬೇಕಾಯಿತು. ಗೋವಾಕ್ಕೆ ತೆರಳುವವರು ಈ ಭಾಗದಲ್ಲಿ ಹೊರಡುವ ದಿನದ ಸಂಚಾರ ವ್ಯವಸ್ಥೆಯನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು.

ಅಂಕೋಲಾ ಮತ್ತು ಕಾರವಾರದ ನಡುವೆ ನೌಕಾನೆಲೆಯ ಪ್ರದೇಶವಿದ್ದು, ಅಲ್ಲಿ ವಾಹನ ನಿಲ್ಲಿಸುವುದೂ ಛಾಯಾಚಿತ್ರ ತೆಗೆಯುವುದೂ ನಿಷಿದ್ಧವೆಂದು ಫಲಕಗಳು ಸೂಚಿಸುತ್ತವೆ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಬಂದು ತಂಗಿದ್ದರು.

ರಾತ್ರಿ ತಂಗುವ ಸ್ಥಳ

ಕಡಲತೀರ ಸರ್ಕಾರದ ಜಾಗ, ಆದುದರಿಂದ ಅಲ್ಲಿ ಯಾರು ಬೇಕಾದರೂ ಗಾಡಿ ನಿಲ್ಲಿಸಬಹುದು ಎಂಬ ವಾದ ಆಗಾಗ್ಗೆ ಕೇಳಿಬರುತ್ತದೆ. ಈ ವಾದ ಸರಿಯಲ್ಲ. ಸಮುದ್ರದ ಭರತರೇಖೆಯಿಂದ 500 ಮೀಟರುಗಳವರೆಗಿನ ಭೂಮಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ ಒಳಪಟ್ಟಿದೆ. 2019ರ ಅಧಿಸೂಚನೆಯಂತೆ ಗ್ರಾಮೀಣ ಪ್ರದೇಶಗಳಲ್ಲಿ ಜನಸಾಂದ್ರತೆಯನ್ನು ಅನುಸರಿಸಿ ಭರತರೇಖೆಯಿಂದ 50 ಅಥವಾ 200 ಮೀಟರುಗಳವರೆಗೆ ಅಭಿವೃದ್ಧಿ ನಿಷೇಧ ವಲಯವಿದೆ. ಮರಳದಿಬ್ಬಗಳನ್ನು ಸಮತಟ್ಟು ಮಾಡುವುದೂ, ಸಂಸ್ಕರಿಸದ ಕೊಳಚೆಯನ್ನು ಹರಿಯಬಿಡುವುದೂ ಈ ವಲಯದಲ್ಲಿ ನಿಷಿದ್ಧ. ತಮ್ಮ ಸ್ವಂತ ಜಮೀನಿನಲ್ಲಿ ಕ್ಯಾರವಾನ್ ತಂಗುದಾಣವನ್ನು ಸ್ಥಾಪಿಸಲು ಬಯಸುವವರು, ಕಟ್ಟಡ ಕಟ್ಟುತ್ತಿಲ್ಲವಲ್ಲ ಎಂದು ಭಾವಿಸಿ ಕೆಲಸ ಆರಂಭಿಸಬಾರದು. ಶೌಚಾಲಯ, ನೀರು, ಕಾಂಕ್ರೀಟ್ ಹಾಸು ಬಂದ ಕೂಡಲೇ ಅನುಮತಿಯ ಪ್ರಶ್ನೆ ಬರುತ್ತದೆ. ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸುವ ಮೊದಲು ಸರ್ವೆ ಸಂಖ್ಯೆಯೊಂದಿಗೆ ಕರಾವಳಿ ನಿಯಂತ್ರಣ ವಲಯದ ಪ್ರಾದೇಶಿಕ ಕಚೇರಿಯಲ್ಲಿ ಜಮೀನಿನ ವರ್ಗೀಕರಣವನ್ನು ಪರಿಶೀಲಿಸಿಕೊಳ್ಳತಕ್ಕದ್ದು.

ಕಾನೂನು ಹೀಗಿದ್ದರೆ, ತೀರದಲ್ಲಿ ದುಡಿದು ಬದುಕುವವರ ವಿಚಾರವೂ ಇದೆ. ಖಾಲಿಯಾಗಿ ಕಾಣುವ ಮರಳಿನ ಬಯಲು ಸಾಮಾನ್ಯವಾಗಿ ಖಾಲಿಯಲ್ಲ. ಮುಂಜಾವದಲ್ಲಿ ಕೈರಂಪಣಿ ಬಲೆಯನ್ನು ಎಳೆಯುವುದು ಅಲ್ಲಿಯೇ, ದೋಣಿಗಳನ್ನು ಮೇಲಕ್ಕೆ ತಳ್ಳಿ ನಿಲ್ಲಿಸುವುದು ಅಲ್ಲಿಯೇ, ಮಹಿಳೆಯರು ಮೀನು ಒಣಗಿಸುವುದೂ ಅಲ್ಲಿಯೇ. ಬಲೆ ಎಳೆಯುವ ಜಾಗದಲ್ಲಿ ರಾತ್ರಿ ಟ್ರೇಲರ್ ನಿಲ್ಲಿಸಿ ಮಲಗಿದರೆ ಬೆಳಗಿನ ಜಾವ ಇಡೀ ತಂಡದ ದುಡಿಮೆಗೆ ಅಡ್ಡಿಯಾಗುತ್ತದೆ. ಇದಲ್ಲದೆ ನವೆಂಬರಿನಿಂದ ಮಾರ್ಚಿನವರೆಗೆ ಹೊನ್ನಾವರ ಮುಂತಾದೆಡೆಯ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದು ಹೊರಬಂದ ಮರಿಗಳು ಬೆಳಕಿನ ಜಾಡು ಹಿಡಿದು ಕಡಲನ್ನು ಸೇರುವುದರಿಂದ, ಟ್ರೇಲರಿನ ಹೊರದೀಪವೊಂದು ಅವುಗಳನ್ನು ದಾರಿ ತಪ್ಪಿಸಬಲ್ಲದು. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ ಇದು.

ಹಾಗಾದರೆ ಎಲ್ಲಿ ತಂಗಬೇಕು? ಪ್ರವಾಸಿ ಗೃಹಗಳು, ಕಡಲತೀರದ ವಸತಿಗೃಹಗಳು ಮತ್ತು ತೋಟದ ಮನೆವಾಸ್ತವ್ಯಗಳಲ್ಲಿ ಅನೇಕವು ಶುಲ್ಕ ಪಡೆದು ಆವರಣದೊಳಗೆ ಸ್ಥಳ ನೀಡುತ್ತವೆ. ಕೊಠಡಿ ಬೇಡ, ಗಾಡಿ ನಿಲ್ಲಿಸಲು ಜಾಗ, ನೀರು ಮತ್ತು ಶೌಚಾಲಯ ಸಾಕೆಂದು ಮುಂಚಿತವಾಗಿ ಮಾತನಾಡಿಕೊಳ್ಳಬೇಕು. ದ್ವಾರದ ಅಗಲ, ಕಮಾನಿನ ಎತ್ತರ, ಒಳಗಿನ ನೆಲ ಜಂಬಿಟ್ಟಿಗೆಯೋ ಮರಳೋ ಎಂಬುದನ್ನು ಕೇಳುವುದಕ್ಕೆ ಸಂಕೋಚಪಡಬಾರದು. ಮರಳಿನಲ್ಲಿ ಹೂತ ಟ್ರೇಲರನ್ನು ಮೇಲೆತ್ತಲು ಕ್ರೇನ್ ತರಿಸಿದರೆ ಅದರ ಖರ್ಚು ಹಲವು ರಾತ್ರಿಗಳ ಬಾಡಿಗೆಯನ್ನು ಮೀರುತ್ತದೆ. ದೇವಸ್ಥಾನದ ವಾಹನ ನಿಲುಗಡೆಯಲ್ಲಿ ತಂಗುವುದಾದರೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಉತ್ಸವದ ದಿನಗಳಲ್ಲಿ ಅದನ್ನು ಕೇಳದಿರುವುದೇ ಸೌಜನ್ಯ.

ಟ್ರೇಲರಿನ ಶೌಚದ ತೊಟ್ಟಿಯನ್ನು ನದಿಗಾಗಲಿ, ಹೊಳೆಗಾಗಲಿ, ಹೆದ್ದಾರಿಯ ಚರಂಡಿಗಾಗಲಿ ಬರಿದು ಮಾಡಕೂಡದು. ಕರಾವಳಿಯಲ್ಲಿ ಮನೆಮನೆಗೂ ಬಾವಿಯಿದೆ, ನೆಲದ ನೀರು ಮೇಲ್ಮಟ್ಟದಲ್ಲಿಯೇ ಇರುತ್ತದೆ. ಒಂದು ಕಡೆ ಸುರಿದ ಕೊಳಚೆ ಪಕ್ಕದ ಬಾವಿಗೆ ತಲಪಲು ಹೆಚ್ಚು ಕಾಲ ಬೇಕಾಗದು. ತಂಗುವ ಸ್ಥಳದ ಶೌಚಾಲಯದಲ್ಲಿ ಅಥವಾ ಸ್ಥಳೀಯ ಸಂಸ್ಥೆಯ ವ್ಯವಸ್ಥೆಯಲ್ಲಿ ಮಾತ್ರ ಅದನ್ನು ವಿಲೇವಾರಿ ಮಾಡಬೇಕು.

ಋತು ಮತ್ತು ಮುನ್ನೆಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಪ್ರವಾಸವನ್ನು ಕೈಗೊಳ್ಳದಿರುವುದು ಒಳ್ಳೆಯದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಗಾಳಿಗೆ ಸಿಕ್ಕ ಟ್ರೇಲರ್, ಕೊಚ್ಚಿಹೋದ ರಸ್ತೆಯಂಚು, ಏಕಾಏಕಿ ಮುಚ್ಚಿದ ಘಟ್ಟ ಇವುಗಳ ನಡುವೆ ಟ್ರೇಲರಿನೊಡನೆ ಹಿಂದಕ್ಕೆ ತಿರುಗುವುದೂ ಸುಲಭವಲ್ಲ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದನ್ನು ಪ್ರವಾಸಿಗರು ಗಮನಿಸಬಹುದು; ಕಡಲನ್ನು ಬಲ್ಲವರೇ ದಡದಲ್ಲಿ ನಿಲ್ಲುವ ಕಾಲ ಅದು. ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಹಿತಕರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಕೆಯಿಂದಾಗಿ ಹಗಲಿನಲ್ಲಿ ಟ್ರೇಲರಿನೊಳಗೆ ಕೂರಲಾಗುವುದಿಲ್ಲ. ಕುಡಿಯುವ ನೀರಿಗೂ ಕೆಲವು ಗ್ರಾಮಗಳಲ್ಲಿ ಅಭಾವವಿರುತ್ತದೆ.

ಉಪ್ಪುಗಾಳಿಯು ಕೊಂಡಿ, ಬ್ರೇಕಿನ ತಂತಿ ಮತ್ತು ದೀಪಗಳ ಜೋಡಣೆಯನ್ನು ಬಹುಬೇಗ ತುಕ್ಕು ಹಿಡಿಸುತ್ತದೆ. ಪ್ರವಾಸ ಮುಗಿದ ಕೂಡಲೇ ತಳಭಾಗವನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಪ್ರತಿದಿನ ಹೊರಡುವ ಮೊದಲು ಹಿಂದಿನ ದೀಪಗಳು ಉರಿಯುತ್ತವೆಯೇ, ಕೊಂಡಿಯ ಬೀಗ ಹಾಗೂ ಸುರಕ್ಷತಾ ಸರಪಳಿ ಭದ್ರವಾಗಿವೆಯೇ ಎಂಬುದನ್ನು ಇಬ್ಬರು ಸೇರಿ ನೋಡುವುದು ಒಳ್ಳೆಯದು. ಒಬ್ಬರೇ ನೋಡಿದರೆ ಬ್ರೇಕ್ ದೀಪ ಕಾಣುವುದಿಲ್ಲ.

ನೋಂದಣಿ ಪ್ರಮಾಣಪತ್ರಗಳು ಎರಡು, ವಿಮಾ ದಾಖಲೆಗಳು, ಎಳೆಯುವ ವಾಹನದ ಹೊಗೆ ತಪಾಸಣಾ ಪ್ರಮಾಣಪತ್ರ ಮತ್ತು ಚಾಲನಾ ಅನುಜ್ಞಾಪತ್ರವನ್ನು ಟ್ರೇಲರಿನಲ್ಲಲ್ಲದೆ ಕಾರಿನಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ನೆರೆರಾಜ್ಯಗಳಿಗೆ ಪ್ರವಾಸಕ್ಕೆಂದು ಹೋಗಿಬರಲು ಮರುನೋಂದಣಿ ಬೇಕಿಲ್ಲ. ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿಕೊಂಡಾಗ ಮಾತ್ರ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಕೆಟ್ಟು ನಿಂತರೆ 1033, ಯಾವುದೇ ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವಾಗ ಹೆದ್ದಾರಿಯ ಅಂಚಿನ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ, ವಾಹನಕ್ಕೆ ಟ್ರೇಲರ್ ಜೋಡಿಸಿದೆ ಎಂಬುದನ್ನೂ ತಿಳಿಸತಕ್ಕದ್ದು.